ಕಾರು ಕೊಡುವುದೆಷ್ಟು, ಕಾಲು ಕಳೆಯುವುದೆಷ್ಟು

ನಮ್ಮ ನಾಡಿನಲ್ಲಿ ಹೊಸದಾಗಿ ಹಸುವನ್ನು ಕೊಂಡು ತಂದವನನ್ನೂ ಹೊಸದಾಗಿ ಕಾರನ್ನು ಕೊಂಡು ತಂದವನನ್ನೂ ನೆರೆಹೊರೆಯವರು ಮೊತ್ತಮೊದಲು ಕೇಳುವ ಪ್ರಶ್ನೆ ಒಂದೇ: “ಎಷ್ಟು ಕೊಡುತ್ತದೆ?” ಹಸುವಿನ ವಿಷಯದಲ್ಲಿ ಹೊತ್ತಿಗೆ ಇಷ್ಟು ಲೀಟರೆಂದೂ ಕಾರಿನ ವಿಷಯದಲ್ಲಿ ಲೀಟರಿಗೆ ಇಷ್ಟು ಕಿಲೋಮೀಟರೆಂದೂ ಉತ್ತರ ಬರುವುದು, ಎರಡು ಸಂದರ್ಭಗಳಲ್ಲಿಯೂ ಉತ್ತರ ಹೇಳುವವನು ಒಂದಿಷ್ಟನ್ನು ಸೇರಿಸಿಯೇ ಹೇಳುವನೆಂಬುದು ಕೇಳುವವನಿಗೂ ತಿಳಿದಿರುವುದು. ಆದರೆ ಹೈನನ್ನು ಬಲ್ಲವರು ಇನ್ನೊಂದು ಮಾತನ್ನೂ ಬಲ್ಲರು. ಮನೆಯ ಹಿರಿಯಳು ಚೆಂಬು ಹಿಡಿದು ಕುಳಿತರೆ ನೊರೆಯುಕ್ಕುವಂತೆ ಕರೆಯುವ ಹಸುವೇ, ಅವಸರದ ಹುಡುಗ ಕುಳಿತರೆ ಚೆಂಬನ್ನು ಒದ್ದು ಹೋಗುವುದು. ಕೊಡುವುದರಲ್ಲಿ ಹಸುವಿನ ಪಾಲೆಷ್ಟೋ ಕರೆಯುವ ಕೈಯ ಪಾಲೂ ಅಷ್ಟು. ಕಾರಿನ ವಿಷಯಕ್ಕೆ ಬಂದೊಡನೆ ಮಾತ್ರ ಈ ಎರಡನೆಯ ಪಾಲನ್ನು ಮರೆತು, ಎಲ್ಲ ಶ್ರೇಯಸ್ಸನ್ನೂ ಎಲ್ಲ ಅಪವಾದವನ್ನೂ ಯಂತ್ರದ ತಲೆಗೆ ಕಟ್ಟಿ ನಾವು ನಿಶ್ಚಿಂತರಾಗಿಬಿಡುತ್ತೇವೆ.

ಎಡಮಂಡಿಯ ನೋವಿನಿಂದಾಗಿ, ಬಹುಕಾಲ ಓಡಿಸಿದ ಕ್ಲಚ್ಚಿನ ಕಾರನ್ನು ಬಿಟ್ಟು ತನ್ನಷ್ಟಕ್ಕೆ ತಾನೇ ಗೇರು ಬದಲಿಸಿಕೊಳ್ಳುವ ಪುಟ್ಟ ಕಾರೊಂದನ್ನು ನಾನು ಕೊಂಡಾಗ, ಹಾಸನದ ನಮ್ಮ ಬೀದಿಯಲ್ಲಿ ಕೇಳಿಬಂದ ಸಾಂತ್ವನದ ಮಾತುಗಳು ಈ ಮರೆವಿಗೆ ಒಳ್ಳೆಯ ನಿದರ್ಶನವಾಗಿದ್ದುವು. “ಆಟೊಮ್ಯಾಟಿಕ್ಕೇ? ಪೆಟ್ರೋಲು ಕುಡಿಯುತ್ತದಲ್ಲ” ಎಂದವರೇ ಹೆಚ್ಚು. ಆ ಮಾತು ಒಂದು ಕಾಲಕ್ಕೆ ನಿಜವಾಗಿದ್ದಿತು. ಈಗ ಬಹುಮಟ್ಟಿಗೆ ನಿಜವಲ್ಲ. ಏಕೆಂಬುದನ್ನು ತಿಳಿಯಬೇಕಾದರೆ, ಟ್ಯಾಂಕಿಗೆ ಸುರಿದ ಒಂದು ಲೀಟರು ಪೆಟ್ರೋಲಿನ ಗತಿಯೇನಾಗುವುದೆಂಬ ಲೆಕ್ಕವನ್ನು ಮೊದಲು ನೋಡತಕ್ಕದ್ದು.

ಒಂದು ಲೀಟರಿನ ಆಯವ್ಯಯ

ಒಂದು ಲೀಟರು ಪೆಟ್ರೋಲಿನಲ್ಲಿ ಅಡಗಿರುವ ಶಕ್ತಿಯನ್ನು ನಮ್ಮ ಮನೆಯ ವಿದ್ಯುತ್ ಬಿಲ್ಲಿನ ಭಾಷೆಯಲ್ಲಿ ಹೇಳುವುದಾದರೆ ಅದು ಸುಮಾರು 9 ಯೂನಿಟ್ಟು. ಇದರಲ್ಲಿ ಬಹುಪಾಲು ಹೊಗೆಕೊಳವೆಯ ಬಿಸಿಯಾಗಿಯೂ ರೇಡಿಯೇಟರಿನ ಕಾವಾಗಿಯೂ ಗಾಳಿಗೆ ಹೋಗಿ, ಚಕ್ರಕ್ಕೆ ಬಂದು ಮುಟ್ಟುವುದು ಹೆಚ್ಚುಕಡಿಮೆ ಕಾಲುಭಾಗ, ಎಂದರೆ ಎರಡು ಯೂನಿಟ್ಟಿಗಿಂತ ತುಸು ಹೆಚ್ಚು. ಆ ಎರಡು ಯೂನಿಟ್ಟು ಮೂರು ಕಡೆ ವ್ಯಯವಾಗುವುದು: ಟೈರು ನೆಲದ ಮೇಲೆ ಉರುಳುವಾಗ ಅಮುಕಿ ಅರಳುವುದರಲ್ಲಿ ಒಂದಿಷ್ಟು, ಎದುರಿನ ಗಾಳಿಯನ್ನು ಸೀಳುವುದರಲ್ಲಿ ಒಂದಿಷ್ಟು, ನಿಂತ ಕಾರಿಗೆ ವೇಗವನ್ನು ತುಂಬುವುದರಲ್ಲಿ ಇನ್ನೊಂದಿಷ್ಟು. ಮೊದಲಿನೆರಡನ್ನು ತಗ್ಗಿಸಬಹುದೇ ಹೊರತು ತಪ್ಪಿಸಲಾಗದು. ಮೂರನೆಯದಾದರೋ ವಾಸ್ತವವಾಗಿ ವೆಚ್ಚವೇ ಅಲ್ಲ; ಅದು ಠೇವಣಿ. ವೇಗದ ರೂಪದಲ್ಲಿ ಕಾರಿನೊಳಗೆ ಕೂಡಿಟ್ಟ ಆ ಧನವನ್ನು, ಕಾಲನ್ನು ಎತ್ತಿ ಕಾರನ್ನು ತಾನಾಗಿ ಉರುಳಲು ಬಿಟ್ಟರೆ ದಾರಿ ಸವೆಸುವುದಕ್ಕೆ ಬಳಸಿಕೊಳ್ಳಬಹುದು. ಬ್ರೇಕನ್ನು ಒತ್ತಿದೆವೋ, ಅದಷ್ಟೂ ಬ್ರೇಕಿನ ತಟ್ಟೆಯನ್ನು ಕಾಯಿಸುವುದರಲ್ಲಿ ಮುಗಿದುಹೋಗುವುದು.

ಇದರ ಪ್ರಮಾಣವನ್ನು ಕಾಗದದ ಮೇಲೆಯೇ ಅಳೆಯಬಹುದು. ಜನರೂ ಸಾಮಾನೂ ಸೇರಿ 1,000 ಕಿಲೋಗ್ರಾಂ ತೂಗುವ ಪುಟ್ಟ ಕಾರೊಂದನ್ನು ನಿಂತಲ್ಲಿಂದ ಗಂಟೆಗೆ 60 ಕಿಲೋಮೀಟರ್ ವೇಗಕ್ಕೆ ಏರಿಸಲು, ಮೇಲಿನ ಲೆಕ್ಕದಂತೆ, ಸುಮಾರು 17 ಮಿಲಿಲೀಟರು ಪೆಟ್ರೋಲು ಬೇಕಾಗುವುದು. ಎಂದರೆ ಒಂದು ದೊಡ್ಡ ಚಮಚ ತುಂಬುವಷ್ಟು. ಕೆಂಪು ದೀಪದವರೆಗೆ ರಭಸದಿಂದ ಹೋಗಿ, ಅಲ್ಲಿ ಬ್ರೇಕು ಹಾಕಿ ನಿಂತು, ಹಸಿರು ಬಂದೊಡನೆ ಮತ್ತೆ ಅದೇ ರಭಸಕ್ಕೆ ಏರುವವನು ಪ್ರತಿಸಲವೂ ಒಂದು ಚಮಚ ಪೆಟ್ರೋಲನ್ನು ರಸ್ತೆಯ ಬದಿಗೆ ಚೆಲ್ಲಿ ಮುಂದೆ ಹೋಗುವನೆಂದೇ ಅರ್ಥ. ಹೀಗೆ 60 ಸಲ ನಿಂತು ಹೊರಟರೆ ಲೀಟರೊಂದು ಮುಗಿಯಿತು. ಅದೇ ಮನುಷ್ಯ 40ರ ವೇಗಕ್ಕೆ ತೃಪ್ತನಾಗಿದ್ದರೆ ಪ್ರತಿಸಲದ ನಷ್ಟ ಅರ್ಧಕ್ಕಿಂತಲೂ ಕಡಿಮೆ, ಸುಮಾರು 8 ಮಿಲಿಲೀಟರು. ಅದೇಕೆಂದರೆ ಚಲನೆಯ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯತಕ್ಕದ್ದು. ಪೆಟ್ರೋಲು ಖರ್ಚಾಗುವುದು ಬಲಗಡೆಯ ಪೆಡಲಿನಲ್ಲಿಯೆಂದು ಎಲ್ಲರೂ ತಿಳಿದಿರುವರು. ಅಲ್ಲಿ ಕೊಂಡದ್ದನ್ನು ಕಳೆಯುವುದು ಮಾತ್ರ ಅದರ ಪಕ್ಕದ ಪೆಡಲು.

ಕೈಯ ಗೇರು, ಯಂತ್ರದ ಗೇರು

ಹಾಗಾದರೆ ಗೇರಿನ ಪಾತ್ರವೇನು? ಪೆಟ್ರೋಲ್ ಎಂಜಿನ್ನು ಉಸಿರಾಡುವ ದಾರಿಯಲ್ಲಿ ಕದವೊಂದಿರುವುದು. ಎಕ್ಸಲರೇಟರನ್ನು ಅಲ್ಪವಾಗಿ ಒತ್ತಿದಾಗ ಆ ಕದ ಅಲ್ಪವಾಗಿ ತೆರೆದು, ಎಳನೀರಿನ ಕೊಳವೆಯನ್ನು ಬೆರಳಿನಿಂದ ಅದುಮಿ ಹಿಡಿದು ಹೀರಿದಾಗ ಹೇಗೋ ಹಾಗೆ, ಎಂಜಿನ್ನು ಹೀರುವುದಕ್ಕಾಗಿಯೇ ತನ್ನ ಬಲದ ಒಂದಂಶವನ್ನು ವ್ಯಯಮಾಡಬೇಕಾಗುವುದು. ಕೆಳಗಿನ ಗೇರಿನಲ್ಲಿ ಎಂಜಿನ್ನು ಕಿರಿಚುತ್ತ ಹೆಚ್ಚು ಸುತ್ತು ಸುತ್ತಿದಂತೆಲ್ಲ ಈ ಹೀರುವಿಕೆಯ ಆಯಾಸವೂ ಒಳಗಿನ ಘರ್ಷಣೆಯೂ ಹೆಚ್ಚುವುವು. ಅದೇ ವೇಗವನ್ನು ಮೇಲಿನ ಗೇರಿನಲ್ಲಿ ಕಡಿಮೆ ಸುತ್ತುಗಳಲ್ಲಿ ಸಾಧಿಸಿದರೆ ಕದ ಇನ್ನಷ್ಟು ತೆರೆದು ಉಸಿರು ಸರಾಗವಾಗುವುದು. ಆದಕಾರಣವೇ, ಚಿಕ್ಕ ಪೆಟ್ರೋಲ್ ಕಾರಿನಲ್ಲಿ ನಿಮಿಷಕ್ಕೆ 2,000ದಿಂದ 2,500 ಸುತ್ತಿನೊಳಗೇ ಮೇಲಿನ ಗೇರಿಗೆ ಹೋಗಬೇಕೆಂಬುದು ಬಲ್ಲವರ ಮಾತು. ಇದಕ್ಕೂ ಒಂದು ಎಲ್ಲೆಯುಂಟು: ನಾಲ್ಕನೆಯ ಗೇರಿನಲ್ಲಿ ಹಂಪನ್ನು ಹತ್ತಿಸಹೋಗಿ ಕಾರು ಗಡಗಡನೆ ನಡುಗಿ ಎಂಜಿನ್ನು ಗುದ್ದತೊಡಗಿದರೆ ಅದು ಮಿತವ್ಯಯವಲ್ಲ, ಹಿಂಸೆ.

ಈ ಆಯ್ಕೆಯನ್ನು ಮಾಡುವವರು ಯಾರು ಎಂಬುದೇ ಎರಡು ಬಗೆಯ ಕಾರುಗಳ ನಡುವಣ ಅಂತರ. ಹಿಂದಿನ ಸ್ವಯಂಚಾಲಿತ ಗೇರುಗಳಿಗೆ ಕೆಟ್ಟ ಹೆಸರು ಬಂದದ್ದು ಆಯ್ಕೆಯ ದೋಷದಿಂದ ಮಾತ್ರವಲ್ಲ, ಜೋಡಣೆಯ ದೋಷದಿಂದಲೂ. ಜರ್ಮನಿಯ ಹರ್ಮನ್ ಫಟಿಂಗರ್ ಎಂಬ ಎಂಜಿನಿಯರು 1905ರಲ್ಲಿ ಹಡಗುಗಳಿಗಾಗಿ ಕಲ್ಪಿಸಿದ ಉಪಾಯವೊಂದು ತರುವಾಯ ಕಾರುಗಳಿಗೆ ಇಳಿದು ಬಂದು, 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ಹೈಡ್ರಾಮ್ಯಾಟಿಕ್ ಎಂಬ ಹೆಸರಿನ ಗೇರಿನೊಡನೆ ಮಾರುಕಟ್ಟೆಗೆ ಬಂದಿತು. ಅದರಲ್ಲಿ ಎಂಜಿನ್ನಿಗೂ ಗೇರಿಗೂ ನಡುವೆ ಗಟ್ಟಿಯಾದ ಹಿಡಿತವಿಲ್ಲ, ಎಣ್ಣೆಯಿದೆ. ಎಂಜಿನ್ನಿನ ಕಡೆಯ ಚಕ್ರ ಎಣ್ಣೆಯನ್ನು ಸುಳಿಯಾಗಿ ತಿರುಗಿಸಲು, ಹೊಳೆಯ ಸುಳಿಗೆ ಸಿಕ್ಕ ಹರಿಗೋಲಿನಂತೆ ಎದುರಿನ ಚಕ್ರವೂ ತಿರುಗುವುದು. ಹರಿಗೋಲು ಸುಳಿಗಿಂತ ಕೊಂಚ ಹಿಂದುಳಿಯುವಂತೆ ಆ ಚಕ್ರವೂ ಹಿಂದುಳಿದು, ಆ ಹಿಂದುಳಿದಷ್ಟು ಶಕ್ತಿ ಎಣ್ಣೆಯ ಬಿಸಿಯಾಗಿ ಹೋಗುವುದು. ಮುಂದೆ ಎರಡು ಚಕ್ರಗಳನ್ನೂ ಓಟದಲ್ಲಿ ಬಿಗಿಯಾಗಿ ಬಂಧಿಸುವ ಉಪಾಯ ಬಂದು ಈ ನಷ್ಟ ತಗ್ಗಿತು. ಡಚ್ಚರ ಡಾಫ್ ಕಂಪನಿ 1958ರಲ್ಲಿ ತೋರಿಸಿದ, ಹಲ್ಲಿನ ಗೇರುಗಳೇ ಇಲ್ಲದೆ ಬೆಲ್ಟು ರಾಟೆಗಳಿಂದಲೇ ಕೆಲಸ ನಡೆಸುವ ಪುಟ್ಟ ಕಾರಿನ ವಂಶ ಇಂದಿನ ಸಿವಿಟಿ ಕಾರುಗಳಲ್ಲಿ ಮುಂದುವರಿದಿರುವುದು.

ನಮ್ಮ ದೇಶದ ಅಗ್ಗದ ಕಾರಿಗೆ ಒದಗಿದುದು ಇವೆರಡೂ ಅಲ್ಲದ ಮೂರನೆಯ ದಾರಿ. 1983ರ ಡಿಸೆಂಬರಿನಲ್ಲಿ ಮೂರು ಸಿಲಿಂಡರಿನ, 796 ಸಿ.ಸಿ.ಯ ಮಾರುತಿ 800 ಬಂದು ಸಾಮಾನ್ಯರ ಮನೆಯ ಮುಂದೆ ನಿಂತ ಮೂವತ್ತು ವರ್ಷಗಳ ತರುವಾಯ, 2014ರ ಫೆಬ್ರವರಿಯಲ್ಲಿ, ಅದೇ ಕಂಪನಿಯ ಸೆಲೆರಿಯೋ ಎಂಬ ಕಾರಿನೊಡನೆ ಎ.ಎಂ.ಟಿ. ಎಂಬ ವ್ಯವಸ್ಥೆ ಬಂದಿತು. ಇದರ ಸ್ವಾರಸ್ಯವೆಂದರೆ ಗೇರ್ ಬಾಕ್ಸು ಹಳೆಯದೇ, ಕ್ಲಚ್ಚೂ ಹಳೆಯದೇ; ಅವನ್ನು ಆಡಿಸುವ ಕೈಕಾಲುಗಳು ಮಾತ್ರ ಮನುಷ್ಯನವಲ್ಲದೆ ಯಂತ್ರದವು. ನಡುವೆ ಎಣ್ಣೆಯ ಸುಳಿಯಿಲ್ಲವಾದುದರಿಂದ ಜಾರುವಿಕೆಯ ನಷ್ಟವೂ ಇಲ್ಲ. ಆ ಮೊದಲ ಸೆಲೆರಿಯೋಗೆ ಎರಡು ಬಗೆಯ ಗೇರಿನಲ್ಲಿಯೂ ಲೀಟರಿಗೆ 23.1 ಕಿಲೋಮೀಟರೆಂಬ ಒಂದೇ ಅಂಕೆಯನ್ನು ಘೋಷಿಸಲಾಗಿದ್ದಿತು. 2021ರ ಹೊಸ ಸೆಲೆರಿಯೋದಲ್ಲಿ ಕೈಗೇರಿನ ಕಾರಿಗೆ 25.24 ಎಂದಿದ್ದರೆ ಎ.ಎಂ.ಟಿ.ಯ ಒಂದು ಮಾದರಿಗೆ 26.68, 2022ರ ಆಲ್ಟೊ ಕೆ10ರಲ್ಲಿ 24.39ಕ್ಕೆ ಎದುರಾಗಿ 24.90. ಯಂತ್ರವೇ ಮುಂದೆ!

ಇಷ್ಟರಿಂದಲೇ ಕೈಗೇರಿನವರು ಕುಗ್ಗಬೇಕಾದುದಿಲ್ಲ. ಈ ಅಂಕೆಗಳು ಹುಟ್ಟುವುದು ರಸ್ತೆಯಲ್ಲಲ್ಲ. ಪುಣೆಯಲ್ಲಿ 1966ರಲ್ಲಿ ಸ್ಥಾಪಿತವಾದ ಎ.ಆರ್.ಎ.ಐ.ಯಂತಹ ಸಂಸ್ಥೆಗಳಲ್ಲಿ, ಉರುಳುವ ರೋಲರುಗಳ ಮೇಲೆ ಕಾರನ್ನು ನಿಲ್ಲಿಸಿ, ಎ.ಸಿ.ಯನ್ನು ಆರಿಸಿ, ಗಂಟೆಗೆ 90 ಕಿಲೋಮೀಟರನ್ನು ಮೀರದ ಒಂದು ನಿಶ್ಚಿತ ಕ್ರಮದಲ್ಲಿ ಓಡಿಸಿದಾಗ. ಅಲ್ಲಿ ಹಂಪಿಲ್ಲ, ದನವಿಲ್ಲ, ಅಡ್ಡಬರುವ ಆಟೊರಿಕ್ಷಾವಿಲ್ಲ. ಬೀದಿಯಲ್ಲಾದರೋ ಎರಡರ ಗುಣದೋಷಗಳು ಬೇರೆ. ಬೆಂಗಳೂರಿನ ಸಿಲ್ಕ್ ಬೋರ್ಡಿನ ಬಳಿ ಸಂಜೆ ಸಿಕ್ಕಿಬಿದ್ದು ದಣಿದವನು ಎರಡನೆಯ ಗೇರಿನಲ್ಲೇ ಮೈಲಿಗಟ್ಟಲೆ ಎಳೆಯುವುದನ್ನೂ, ಕ್ಲಚ್ಚಿನ ಮೇಲೆ ಎಡಗಾಲನ್ನು ಊರಿಕೊಂಡೇ ಹಾಫ್ ಕ್ಲಚ್ಚಿನಲ್ಲಿ ತೆವಳುವುದನ್ನೂ ನಾವು ನಿತ್ಯವೂ ಕಾಣುವೆವು. ಯಂತ್ರಕ್ಕೆ ಆ ದಣಿವೂ ಇಲ್ಲ, ಆ ಮರೆವೂ ಇಲ್ಲ, ಸಮಯ ಬಂದೊಡನೆ ಅದು ಮೇಲಿನ ಗೇರಿಗೆ ಹೋಗುವುದು. ಪ್ರತಿಯಾಗಿ, ಯಂತ್ರಕ್ಕೆ ಕಣ್ಣಿಲ್ಲ. ಕಾಲಿನ ಒತ್ತಡ, ಚಕ್ರದ ವೇಗ, ಎಂಜಿನ್ನಿನ ಭಾರ, ಇಷ್ಟೇ ಅದು ಬಲ್ಲುದು. ತಿರುವಿನಾಚೆ ಏರಿದೆಯೆಂಬುದನ್ನೂ ಮುಂದಿನ ಲಾರಿ ಎಡಕ್ಕೆ ಸರಿಯುತ್ತಿದೆಯೆಂಬುದನ್ನೂ ಅದು ಅರಿಯದು. ಅವಸರದಿಂದ ಕಾಲನ್ನು ಒತ್ತಿದರೆ, ಒಡೆಯನಿಗೆ ಏನೋ ತುರ್ತೆಂದು ತಿಳಿದು ಎರಡು ಗೇರು ಕೆಳಗಿಳಿದು ಪೆಟ್ರೋಲನ್ನು ಸುರಿಯುವುದು. ಅದರೊಡನೆ ಸಹಕರಿಸುವ ಗುಟ್ಟು ಸುಲಭವಾದುದು: ವೇಗ ಏರಿ ಗೇರು ಬದಲಾಗುವ ಹೊತ್ತಿಗೆ ಕಾಲನ್ನು ಕೂದಲೆಳೆಯಷ್ಟು ಸಡಿಲಿಸಿದರೆ, ಎ.ಎಂ.ಟಿ. ಕಾರಿನಲ್ಲಿ ಕುಳಿತವರ ತಲೆ ತೂಗುವ ಆ ಪ್ರಸಿದ್ಧವಾದ ಜಗ್ಗಾಟವೂ ತಪ್ಪುವುದು, ಮೇಲಿನ ಗೇರೂ ಬೇಗನೆ ಬೀಳುವುದು.

ಶಿರಾಡಿಯ ಇಳಿಜಾರಿನಲ್ಲಿ

ಇಷ್ಟೆಲ್ಲವನ್ನೂ ಪುಸ್ತಕದಿಂದ ಅರಿತಿದ್ದ ನನಗೆ ಅದು ಕಾಲಿಗೆ ಇಳಿಯುವಂತೆ ಮಾಡಿದವರು ನಮ್ಮ ಪಕ್ಕದ ಮನೆಯ ಹಿರಿಯರು. ಕೆಎಸ್‌ಆರ್‌ಟಿಸಿಯಲ್ಲಿ ಬಹುಕಾಲ ಚಾಲಕರಾಗಿದ್ದು ನಿವೃತ್ತರಾದವರು. ಸಾರಿಗೆ ನಿಗಮದ ಡಿಪೊಗಳಲ್ಲಿ ಪ್ರತಿಯೊಬ್ಬ ಚಾಲಕನ ಹೆಸರಿನ ಮುಂದೆಯೂ ಒಂದು ಲೀಟರು ಡೀಸೆಲಿಗೆ ಎಷ್ಟು ಕಿಲೋಮೀಟರು ಬಂದಿತೆಂಬ ಲೆಕ್ಕವಿರುವುದು. ಅದನ್ನು ಅವರು “ಕೆಎಂಪಿಎಲ್” ಎಂದೇ ಕರೆಯುವರು. ವೃತ್ತಿಜೀವನದುದ್ದಕ್ಕೂ ಆ ಅಂಕೆಯ ಕಣ್ಗಾವಲಿನಲ್ಲಿ ಬಸ್ಸು ನಡೆಸಿದ ಅವರನ್ನು ಕರೆದುಕೊಂಡು ಮಂಗಳೂರಿಗೆ ಹೊರಟಾಗ, ಹಾಸನದಿಂದ ಸಕಲೇಶಪುರದವರೆಗೆ ಸ್ಟಿಯರಿಂಗ್ ಹಿಡಿದವನು ನಾನು. ಹೋಟೆಲಿನ ಮುಂದೆ ಕಾಫಿಗೆಂದು ನಿಲ್ಲಿಸಿದಾಗ ಅವರು ಮೆಲ್ಲನೆ ಹೇಳಿದರು: “ನೀವು ಬ್ರೇಕ್ ಒತ್ತಿದ್ದನ್ನ ಎಣಿಸ್ತಾ ಬಂದೆ ಮೇಷ್ಟ್ರೇ. ಐವತ್ತು ದಾಟಿದ ಮೇಲೆ ಬಿಟ್ಟುಬಿಟ್ಟೆ.”

ಮುಂದಿನ ದಾರಿಗೆ ಅವರು ಕುಳಿತರು. ಚಪ್ಪಲಿಯನ್ನು ಸೀಟಿನ ಹಿಂದೆ ಬಿಟ್ಟು, ಬರಿಗಾಲಿನ ಹಿಮ್ಮಡಿಯನ್ನು ನೆಲಕ್ಕೆ ಊರಿ, ಹೆಬ್ಬೆರಳ ಬುಡದಿಂದ ಮಾತ್ರ ಎಕ್ಸಲರೇಟರನ್ನು ಮುಟ್ಟುತ್ತಿದ್ದ ಆ ಪಾದವನ್ನು ನಾನು ನೋಡುತ್ತಿದ್ದೆ; ವೀಣೆಯ ಮೆಟ್ಟಿನ ಮೇಲಿನ ಬೆರಳಿಗಿಂತ ಹೆಚ್ಚಾಗಿ ಅದು ಅಲುಗುತ್ತಿರಲಿಲ್ಲ. ದೋಣಿಗಾಲನ್ನು ದಾಟಿ ಮಾರನಹಳ್ಳಿಯ ಕಡೆಗೆ ಸಾಗುತ್ತಿರುವಾಗ, ಬಹುದೂರದಲ್ಲಿ ಬುಲೆಟ್ ಟ್ಯಾಂಕರೊಂದರ ಹಿಂಭಾಗ ಕಾಣಿಸಿಕೊಂಡಿತು. ನಾನಾಗಿದ್ದರೆ ಅದರ ಬೆನ್ನಿಗೆ ಹೋಗಿ ಮೂಗು ಮುಟ್ಟಿಸಿ ಬ್ರೇಕು ಹಾಕುತ್ತಿದ್ದೆ. ಅವರ ಪಾದ ಆಗಲೇ ಮೇಲೆದ್ದಿದ್ದಿತು. ಕಾರು ತನ್ನ ವೇಗವನ್ನು ತಾನೇ ಖರ್ಚುಮಾಡಿಕೊಳ್ಳುತ್ತ ಉರುಳಿ ಟ್ಯಾಂಕರಿನ ಹತ್ತಿರಕ್ಕೆ ಹೋಗುವಷ್ಟರಲ್ಲಿ ಅದು ತಿರುವನ್ನು ಕಳೆದು ಎಡಕ್ಕೆ ಸರಿದು ದಾರಿ ಬಿಟ್ಟಿದ್ದಿತು. ಗೇರು ತಾನಾಗಿ ಬದಲಾಗುವುದು ಎಷ್ಟು ಅನುಕೂಲವೆಂದು ನಾನು ಹೊಗಳಿದಾಗ ಅವರೆಂದರು: “ಗೇರೇನೋ ಅದೇ ಹಾಕ್ಕೊಳ್ತದೆ, ಸರಿ. ಮುಂದಿನ ರಸ್ತೆ ಯಾರು ನೋಡ್ಬೇಕು?”

ಘಾಟಿಯ ಇಳಿಜಾರು ಆರಂಭವಾಗುತ್ತಲೇ, ಎಳೆಯಂದಿನಲ್ಲಿ ಕೇಳಿದ್ದ ಉಪದೇಶವೊಂದು ನನಗೆ ನೆನಪಾಯಿತು: ನ್ಯೂಟ್ರಲ್ ಹಾಕಿ ಇಳಿಸು, ಪೆಟ್ರೋಲು ಉಳಿಯುವುದು. ಕಾರ್ಬ್ಯುರೇಟರಿನ ಕಾಲದಲ್ಲಿ ಅದಕ್ಕೆ ಒಂದು ಅರ್ಥವಿದ್ದಿತು. ಗೇರಿನಲ್ಲಿದ್ದಾಗ ವೇಗವಾಗಿ ತಿರುಗುವ ಎಂಜಿನ್ನು, ಕಾಲನ್ನು ಎತ್ತಿದ್ದರೂ ಒಂದಿಷ್ಟು ಪೆಟ್ರೋಲನ್ನು ಹೀರಿಕೊಳ್ಳುತ್ತಲೇ ಇರುತ್ತಿದ್ದಿತು. ಇಂದಿನ ಇಂಜೆಕ್ಷನ್ ಎಂಜಿನ್ನಿನಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ಗೇರಿನಲ್ಲಿಯೇ ಇದ್ದು ಕಾಲನ್ನು ಪೂರ್ತಿಯಾಗಿ ತೆಗೆದರೆ, ಎಂಜಿನ್ನನ್ನು ತಿರುಗಿಸುವ ಕೆಲಸವನ್ನು ಚಕ್ರಗಳೇ ವಹಿಸಿಕೊಳ್ಳುವುದನ್ನು ಕಂಡು ಕಂಪ್ಯೂಟರು ಪೆಟ್ರೋಲನ್ನು ಸಂಪೂರ್ಣವಾಗಿ ನಿಲ್ಲಿಸಿಬಿಡುವುದು. ಸುತ್ತುಗಳು ತೀರ ಇಳಿದಾಗ ಮಾತ್ರ ಮತ್ತೆ ಬಿಡುವುದು. ನ್ಯೂಟ್ರಲಿನಲ್ಲಿಯಾದರೆ ಚಕ್ರಗಳ ಆ ನೆರವಿಲ್ಲದೆ, ಎಂಜಿನ್ನು ಆರಿಹೋಗದಂತೆ ಉರಿಯಲು ಗಂಟೆಗೆ ಅರ್ಧ ಲೀಟರಿಗಿಂತ ಹೆಚ್ಚಾಗಿ ಉಣ್ಣುತ್ತಲೇ ಇರುವುದು. ಸಪಾಟಾದ ರಸ್ತೆಯ ಅಲ್ಪ ಇಳಿಜಾರಿನಲ್ಲಿ ನ್ಯೂಟ್ರಲಿನ ಕಾರು ಕೊಂಚ ಹೆಚ್ಚು ದೂರ ಉರುಳೀತು. ಆದರೆ ವೇಗವನ್ನು ಹೇಗೂ ತಡೆಯಲೇಬೇಕಾದ ಘಾಟಿಯಲ್ಲಿ ಅದರಿಂದ ಲಾಭವೂ ಇಲ್ಲ, ಪ್ರಾಣಕ್ಕೆ ಕ್ಷೇಮವೂ ಇಲ್ಲ. ಬ್ರೇಕು ಕಾದು ಹಿಡಿಯದಂತಾದರೆ ಪಕ್ಕದಲ್ಲಿರುವುದು ಕೆಂಪುಹೊಳೆಯ ಕಣಿವೆ. ಹಿರಿಯರು ಲಿವರನ್ನು ‘ಎಂ’ ಎಂಬ ಗುರುತಿನ ಕಡೆಗೆ ಸರಿಸಿ, ಯಂತ್ರದ ಕೈಯಿಂದ ಆಯ್ಕೆಯನ್ನು ಕಿತ್ತುಕೊಂಡು, ಕಡಿದಾದಲ್ಲಿ ಎರಡನೆಯ ಗೇರಿನಲ್ಲಿಯೂ ಉಳಿದಲ್ಲಿ ಮೂರನೆಯದರಲ್ಲಿಯೂ ಗುಂಡ್ಯದವರೆಗೆ ಇಳಿಸಿದರು.

ಇಳಿದವರು ಮರುದಿನ ಹತ್ತಲೇಬೇಕಷ್ಟೆ. ಸಮುದ್ರಮಟ್ಟದಿಂದ ಸಕಲೇಶಪುರದ ಎತ್ತರಕ್ಕೆ, ಎಂದರೆ ಸುಮಾರು 900 ಮೀಟರು ಮೇಲಕ್ಕೆ, ಅದೇ 1,000 ಕಿಲೋಗ್ರಾಮಿನ ಕಾರನ್ನು ಎತ್ತುವ ಕೆಲಸವೊಂದಕ್ಕೇ ಹೆಚ್ಚುಕಡಿಮೆ ಒಂದು ಲೀಟರು ಪೆಟ್ರೋಲು ಬೇಕು. ಇದು ಯಾವ ಗೇರಿನವರಿಗೂ ಯಾವ ಜಾಣರಿಗೂ ವಿನಾಯಿತಿಯಿಲ್ಲದ ಸುಂಕ. ಏರಿನಲ್ಲಿ ಎ.ಎಂ.ಟಿ. ಕಾರನ್ನು ಎಕ್ಸಲರೇಟರಿನಿಂದಲೇ ಹಿಡಿದು ನಿಲ್ಲಿಸುವ ಅಭ್ಯಾಸವೊಂದನ್ನು ಮಾತ್ರ ಬಿಡತಕ್ಕದ್ದು. ಪೆಡಲು ಇಲ್ಲದಿದ್ದರೂ ಒಳಗೆ ಕ್ಲಚ್ಚು ಇದ್ದೇ ಇದೆ, ಅದು ಅಲ್ಲಿ ಸವೆಯುತ್ತಲೇ ಇರುವುದು. ಅಂತಹ ಕಡೆ ಹ್ಯಾಂಡ್ ಬ್ರೇಕೇ ಗತಿ.

ಗಾಳಿ, ಒಳಗಿನದು ಮತ್ತು ಹೊರಗಿನದು

ಇನ್ನು ಗಾಳಿಯ ಮಾತು. ಹೊರಗಿನ ಗಾಳಿ ವೇಗದ ವರ್ಗಕ್ಕೆ ಅನುಸಾರವಾಗಿ ಎದುರಿಸುವುದು: 60ರಲ್ಲಿ ಇದ್ದ ತಡೆ 100ರಲ್ಲಿ ಎರಡೂಮುಕ್ಕಾಲು ಪಟ್ಟು. ಅರಬ್ಬರ ತೈಲನಿರ್ಬಂಧದಿಂದ ತತ್ತರಿಸಿದ ಅಮೆರಿಕ 1974ರಲ್ಲಿ ದೇಶಕ್ಕೆಲ್ಲ ಗಂಟೆಗೆ 55 ಮೈಲಿಯ, ಎಂದರೆ ಸುಮಾರು 88 ಕಿಲೋಮೀಟರಿನ ಮಿತಿಯನ್ನು ವಿಧಿಸಿದ್ದು ಈ ಕಾರಣದಿಂದಲೇ. ನಮ್ಮಲ್ಲಿ ಪಿ.ಸಿ.ಆರ್.ಎ. ಎಂಬ ಸರ್ಕಾರಿ ಸಂಸ್ಥೆ ಗಂಟೆಗೆ 45ರಿಂದ 55 ಕಿಲೋಮೀಟರನ್ನು ಮಿತವ್ಯಯದ ವೇಗವೆಂದು ದೀರ್ಘಕಾಲದಿಂದ ಸಾರುತ್ತಿರುವುದು. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು ಮೈಸೂರು ಹೆದ್ದಾರಿಯ 118 ಕಿಲೋಮೀಟರುಗಳನ್ನು 50ರ ವೇಗದಲ್ಲಿ ಸಾಗಿರೆಂದು ಯಾರಿಗೂ ಹೇಳಲಾಗದು. ಆದರೆ 100ರ ಬದಲು 80ರಲ್ಲಿ ಹೋದವನಿಗೆ ತಡವಾಗುವುದು ಸುಮಾರು 18 ನಿಮಿಷ, ಅವನು ಎದುರಿಸುವ ಗಾಳಿಯ ತಡೆ ಮೂರನೆಯ ಒಂದು ಭಾಗಕ್ಕಿಂತಲೂ ಹೆಚ್ಚಾಗಿ ತಗ್ಗುವುದು. ಆ 18 ನಿಮಿಷವನ್ನು ಬಹುಮಂದಿ ಮದ್ದೂರಿನ ವಡೆಗೆ ಸಂತೋಷದಿಂದ ಕೊಡುವರು.

ಒಳಗಿನ ಗಾಳಿಯೆಂದರೆ ಟೈರಿನದು. ಬಾಗಿಲಿನ ಕಂಬಕ್ಕೆ ಅಂಟಿಸಿದ ಚೀಟಿಯಲ್ಲಿ ಎಷ್ಟು ಪೌಂಡಿರಬೇಕೆಂದು ಬರೆದಿರುವುದು. ಅದನ್ನು ಬೆಳಗ್ಗೆ, ಟೈರು ತಣ್ಣಗಿರುವಾಗ, ಹದಿನೈದು ದಿನಕ್ಕೊಮ್ಮೆ ನೋಡಿಸಿದರೆ ಸಾಕು. ಗಾಳಿ ಇಳಿದ ಟೈರಿನಲ್ಲಿ ಓಡಿಸುವುದು ಗದ್ದೆಯ ಕೆಸರಿನಲ್ಲಿ ಗಾಡಿ ಎಳೆದಂತೆ. ಡಿಕ್ಕಿಯಲ್ಲಿ ತಿಂಗಳುಗಟ್ಟಲೆ ಸವಾರಿ ಮಾಡುವ ಹಳೆಯ ಬ್ಯಾಟರಿ, ತೆಂಗಿನಕಾಯಿಯ ಚೀಲ ಮೊದಲಾದುವು ಪ್ರತಿ ಸಿಗ್ನಲ್ಲಿನಲ್ಲಿಯೂ ತಮ್ಮ ಪಾಲಿನ ಚಮಚವನ್ನು ಕೇಳುವುವು. ಎ.ಸಿ.ಯ ವಿಷಯದಲ್ಲಿ ಮಧ್ಯಮಮಾರ್ಗ ಲೇಸು: ಊರೊಳಗೆ ನಿಧಾನವಾಗಿ ಹೋಗುವಾಗ ಕಿಟಕಿ, ಹೆದ್ದಾರಿಯ ವೇಗದಲ್ಲಿ ಎ.ಸಿ.; ಆ ವೇಗದಲ್ಲಿ ತೆರೆದ ಕಿಟಕಿ ಗಾಳಿಗೆ ಹಿಡಿದ ಕೊಡೆಯಂತಾಗುವುದು. ಸಿಗ್ನಲ್ಲಿನ ಕ್ಷಣಗಣಕ ಅರ್ಧ ನಿಮಿಷಕ್ಕಿಂತ ಹೆಚ್ಚನ್ನು ತೋರಿಸಿದರೆ ಎಂಜಿನ್ನನ್ನು ಆರಿಸುವುದು ಉಚಿತ.

ಅಳೆಯುವ ಬಗೆ

1939ರಲ್ಲಿ ಅಮೆರಿಕದ ವುಡ್ ರಿವರ್ ಎಂಬ ಊರಿನ ಶೆಲ್ ಪ್ರಯೋಗಶಾಲೆಯ ವಿಜ್ಞಾನಿಗಳು, ಯಾರ ಕಾರು ಹೆಚ್ಚು ಕೊಡುವುದೆಂದು ತಮ್ಮತಮ್ಮಲ್ಲಿ ಪಂದ್ಯ ಕಟ್ಟಿಕೊಂಡರು. ಗೆದ್ದವನಿಗೆ ಬಂದದ್ದು ಗ್ಯಾಲನ್ನಿಗೆ ಸುಮಾರು 50 ಮೈಲಿ, ಎಂದರೆ ಲೀಟರಿಗೆ 21 ಕಿಲೋಮೀಟರು. ಇಂದು ಆ ಅಂಕೆಯನ್ನು ನಮ್ಮ ಪುಟ್ಟ ಕಾರು ಹೆದ್ದಾರಿಯಲ್ಲಿ ಯಾವ ಪಂದ್ಯವೂ ಇಲ್ಲದೆ ಮುಟ್ಟಬಲ್ಲುದು. ಮುಟ್ಟಿತೇ ಇಲ್ಲವೇ ಎಂದು ತಿಳಿಯಲು ಡ್ಯಾಶ್‌ಬೋರ್ಡಿನ ಅಂಕೆಯನ್ನು ಪೂರ್ತಿಯಾಗಿ ನಂಬದೆ, ಒಂದೇ ಬಂಕಿನಲ್ಲಿ ಪಂಪು ತಾನಾಗಿ ಕಟ್ಟಾಗುವವರೆಗೆ ತುಂಬಿಸಿ, ಟ್ರಿಪ್ ಮೀಟರನ್ನು ಸೊನ್ನೆಗೆ ತಂದು, ಮುಂದಿನ ಸಲ ಅದೇ ರೀತಿ ತುಂಬಿಸಿದಾಗ ಓಡಿದ ಕಿಲೋಮೀಟರುಗಳನ್ನು ಹಿಡಿದ ಲೀಟರುಗಳಿಂದ ಭಾಗಿಸುವುದೇ ಸರಿಯಾದ ಮಾರ್ಗ. ಮೂರು ನಾಲ್ಕು ಸಲದ ಸರಾಸರಿಯಾದರೆ ಇನ್ನೂ ಸರಿ.

ನನ್ನ ಕಾರಿನ ಗ್ಲೋವ್ ಬಾಕ್ಸಿನಲ್ಲಿ ಈಗ ನಲವತ್ತು ಪುಟದ ನೋಟುಬುಕ್ಕೊಂದಿದೆ. ಅದರ ಒಂದು ಅಂಕಣದಲ್ಲಿ ಹಾಸನದಿಂದ ಮಂಗಳೂರಿಗೆ ಹೋಗಿಬಂದ ಹಾದಿಯನ್ನು ನಾನು ಓಡಿಸಿದ ಲೆಕ್ಕ, ಪಕ್ಕದ ಅಂಕಣದಲ್ಲಿ ಹಿರಿಯರು ಓಡಿಸಿದ ಲೆಕ್ಕ. ಕಾರು ಒಂದೇ, ಬಂಕು ಒಂದೇ, ಘಾಟಿ ಒಂದೇ, ಗೇರು ಹಾಕಿದ ಯಂತ್ರವೂ ಒಂದೇ. ಕೈಗೇರಿಗೂ ಯಂತ್ರದ ಗೇರಿಗೂ ನಡುವೆ ಕಂಪನಿಯವರು ಅಚ್ಚುಹಾಕಿಸಿದ ಒಂದೂವರೆ ಕಿಲೋಮೀಟರಿನ ಅಂತರವಿದೆಯಷ್ಟೆ, ನಮ್ಮಿಬ್ಬರ ಅಂಕಣಗಳ ನಡುವಣ ಅಂತರ ಅದಕ್ಕಿಂತ ದೊಡ್ಡದು. ಯಾರ ಕಡೆಗೆ ವಾಲಿದೆಯೆಂಬುದನ್ನು ಹೇಳಬೇಕಾದುದಿಲ್ಲ. ಮೊನ್ನೆ ಅವರು ಅಡ್ಡಪಟ್ಟಿ ಹಿಡಿದು ಮೂರನೆಯ ಅಂಕಣವೊಂದನ್ನು ಗೆರೆಹಾಕಿ ಕೊಟ್ಟರು. ಅದು ಬ್ರೇಕಿನ ಎಣಿಕೆಗೆ. ಅದನ್ನು ಬರೆಯತಕ್ಕವರು ಓಡಿಸುವವರಲ್ಲ, ಪಕ್ಕದಲ್ಲಿ ಕುಳಿತವರು.